ಗ್ಯಾಸ್ ಅಲ್ಲದ ನೋವು

ತಿಪಟೂರು ರೈಲ್ವೆ ನಿಲ್ದಾಣದ ಮೇಲ್ಸೇತುವೆ ಹತ್ತುವಾಗಲೆಲ್ಲ ನನ್ನ ದವಡೆ ನೋಯುತ್ತಿತ್ತು. ನೋವು ಎಡಭುಜಕ್ಕೆ ಇಳಿದು, ಎದೆಯ ಮೇಲೆ ಯಾರೋ ಮಂಡಿಯೂರಿ ಅದುಮಿದ ಹಾಗಾಗುತ್ತಿತ್ತು. ಎರಡು ನಿಮಿಷ ಕಂಬಿ ಹಿಡಿದು ನಿಂತರೆ ಮಾಯ. ಅರಸೀಕೆರೆಯ ಶಾಲೆಯಲ್ಲಿ ಪಾಠ ಹೇಳಲು ದಿನವೂ ರೈಲು ಹಿಡಿಯುವವಳು ನಾನು. ಆಗ ಐವತ್ತೊಂದು ವರ್ಷ.

"ಗ್ಯಾಸ್ ಕಣೇ. ಬೆಳಬೆಳಗ್ಗೆ ಅಷ್ಟು ಕಾಯಿಚಟ್ನಿ ತಿಂದ್ರೆ ಇನ್ನೇನಾಯ್ತದೆ?" ಎಂದರು ಕೊಬ್ಬರಿ ವ್ಯಾಪಾರದ ನಮ್ಮ ಯಜಮಾನರು. ಪರಿಚಯದ ಡಾಕ್ಟರು ಇಸಿಜಿ ತೆಗೆಸಿ, ಸರಿಯಾಗಿದೆ ಎಂದು ಗ್ಯಾಸಿನ ಮಾತ್ರೆಯನ್ನೇ ಬರೆದರು. ನನಗೆ ಅನುಮಾನ ಅಲ್ಲೇ ಹುಟ್ಟಿತು. ಗ್ಯಾಸಾದರೆ ಕೂತಾಗ ಬಾರದೆ ಮೆಟ್ಟಿಲ ಮೇಲೆ ಮಾತ್ರ ಯಾಕೆ ಬರಬೇಕು? ಇಸಿಜಿ ತೆಗೆದದ್ದೂ ನಾನು ನೋವಿಲ್ಲದೆ ಮಲಗಿದ್ದಾಗ. ಇದೇ ನೋವು ಗಂಡಸಿಗೆ ಬಂದಿದ್ದರೆ ಇಷ್ಟು ಸುಲಭವಾಗಿ ಗ್ಯಾಸ್ ಎನ್ನುತ್ತಿದ್ದರೇ?

ಯಜಮಾನರಿಗೆ ಹೇಳದೆ, ತಂಗಿಯನ್ನು ಕರೆದುಕೊಂಡು ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದೆ. ಟ್ರೆಡ್‌ಮಿಲ್ ಮೇಲೆ ನಡೆಸಿದರು. ಐದನೇ ನಿಮಿಷಕ್ಕೆ ದವಡೆ ಹಿಡಿಯಿತು. ಸಿಸ್ಟರ್ ತಟ್ಟನೆ ಯಂತ್ರ ನಿಲ್ಲಿಸಿದರು. ಎರಡು ದಿನ ಬಿಟ್ಟು ಆಂಜಿಯೋಗ್ರಾಂ.

ಮಣಿಕಟ್ಟಿನಿಂದ ಹೃದಯದವರೆಗೆ ನಳಿಕೆ ತೂರಿಸಿದ್ದರು. ನನಗೆ ಪೂರ್ತಿ ಎಚ್ಚರವಿತ್ತು. ಡಾಕ್ಟರು ಪರದೆ ತೋರಿಸಿ, "ಎರಡು ಕಡೆ ಬ್ಲಾಕ್ ಇದೆಯಮ್ಮ. ಎರಡಕ್ಕೂ ಈಗಲೇ ಸ್ಟೆಂಟ್ ಹಾಕಿಬಿಡೋಣ. ಹೂಂ ಅನ್ನಿ," ಎಂದರು. ಆ 'ಈಗಲೇ' ನನಗೆ ಹಿಡಿಸಲಿಲ್ಲ.

"ಇವತ್ತು ಹಾಕ್ದಿದ್ರೆ ಏನಾಯ್ತದೆ ಸಾರ್?"

ಅವರು ಪರದೆಯನ್ನು ಮತ್ತೊಮ್ಮೆ ನೋಡಿದರು. "ಇವತ್ತೇ ಏನೂ ಆಗದೆ ಇರಬಹುದು. ಆದ್ರೆ ಜಾಸ್ತಿ ದಿನ ಬಿಡೋ ಹಾಗಿಲ್ಲ."

"ಹಂಗಾದ್ರೆ ಈ ಆಂಜಿಯೋಗ್ರಾಂ ಸಿ.ಡಿ. ಕೊಡಿ ಸಾರ್. ಇನ್ನೊಬ್ಬರಿಗೆ ತೋರಿಸ್ತೀನಿ."

ಮಾತ್ರೆ ಬರೆದುಕೊಟ್ಟು ಕಳಿಸಿದರು. ಹೊರಗೆ ತಂಗಿ ಅತ್ತಳು. "ನಿನ್ ಅನುಮಾನವೇ ಒಂದಿನ ನಿನ್ನ ಸಾಯಿಸ್ತದೆ ಕಣಕ್ಕ!" ಅವಳ ಮಾತು ಸುಳ್ಳೆನ್ನುವ ಧೈರ್ಯ ನನಗೂ ಇರಲಿಲ್ಲ.

ಮನೆಯಲ್ಲಿ ಎಲ್ಲ ಹೇಳಿದೆ. ಮಾರನೇ ದಿನ ಯಜಮಾನರು ತಾವೇ ಹಾಸನಕ್ಕೆ ಕರೆದೊಯ್ದರು. ಅಲ್ಲಿನ ಹಿರಿಯ ಡಾಕ್ಟರಮ್ಮ ಸಿ.ಡಿ.ಯನ್ನು ಎರಡು ಸಲ ನೋಡಿದರು. ಮುಖ್ಯ ರಕ್ತನಾಳಕ್ಕೆ ಸ್ಟೆಂಟ್ ಬೇಕೇಬೇಕು. ಇನ್ನೊಂದು ಸಣ್ಣ ನಾಳ, ಅದಕ್ಕೆ ಸದ್ಯ ಮಾತ್ರೆ ಸಾಕು ಎಂದರು.

"ಹಂಗಾದ್ರೆ ಮೊದಲಿನವರು ಮೋಸ ಮಾಡ್ತಿದ್ರಾ ಮೇಡಂ?" ಎಂದೆ.

"ಎರಡಕ್ಕೂ ಹಾಕೋ ಡಾಕ್ಟರುಗಳು ಇದ್ದಾರೆ. ಅದನ್ನ ಮೋಸ ಅಂತ ನಾನು ಹೇಳಲ್ಲ."

ಮೋಸವಲ್ಲ ಎಂದೂ ಹೇಳಲಿಲ್ಲವಲ್ಲ ಎಂದುಕೊಂಡೆ. ಆ ವಾರವೇ ಒಂದು ಸ್ಟೆಂಟ್ ಹಾಕಿಸಿಕೊಂಡೆ. ನೋವು ಹೋಯಿತು, ಅನುಮಾನ ಹೋಗಲಿಲ್ಲ. ಈಗಲೂ ಮಾತ್ರೆ ಬದಲಾದರೆ ಯಾತಕ್ಕೆಂದು ಕೇಳುತ್ತೇನೆ. ಉತ್ತರ ಸರಿಯೆನಿಸಿದ ಮೇಲೆಯೇ ನುಂಗುತ್ತೇನೆ.