ಅಪ್ಪನಿಗೆ ಬಾಯಿಪಾಠವಾಗಿದ್ದ ತಮಿಳು ಸಿನಿಮಾಗಳು

ಸುಮಾರು ಒಂದು ವರ್ಷದ ಕಾಲ ನಮ್ಮಪ್ಪ ತಮಗೆ ಕಣ್ಣು ಕಾಣುತ್ತಿಲ್ಲವೆಂಬುದನ್ನು ಮನೆಯವರಿಂದ ಮುಚ್ಚಿಟ್ಟಿದ್ದರು. ಹಾಗೆ ಮುಚ್ಚಿಡಲು ಅವರಿಗೆ ನೆರವಾದದ್ದು ನಾಲ್ಕೈದು ಹಳೆಯ ತಮಿಳು ಸಿನಿಮಾಗಳು. ಮತ್ತೆ ಮತ್ತೆ ನೋಡಬಹುದಾದ ಸಿನಿಮಾ ಯಾವುದೆಂದು ಯಾರಾದರೂ ಕೇಳಿದರೆ ಇಂದಿಗೂ ನನಗೆ ಮೊದಲು ನೆನಪಾಗುವುದು ಅವೇ. ಆದರೆ ಅವುಗಳ ಗುಣದೋಷಗಳನ್ನಷ್ಟೇ ಬರೆದು ಮುಗಿಸಲು ನನ್ನಿಂದ ಆಗುತ್ತಿಲ್ಲ. ಅಪ್ಪನ ಕಣ್ಣಿನ ವಿಷಯ ನಡುವೆ ಬಂದೇ ಬರುತ್ತದೆ.

ನಮ್ಮದು ರಾಮನಗರ. ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಒಂದು ಸಣ್ಣ ಘಟಕದಲ್ಲಿ ಅಪ್ಪ ಕೆಲಸಕ್ಕಿದ್ದರು. ಮದುವೆಗೆ ಮುಂಚೆ ಅಲ್ಲಿನ ಸಾಹುಕಾರರು ನೂಲಿನ ಮೂಟೆಗಳ ಜೊತೆ ಅವರನ್ನು ಕಾಂಚೀಪುರಕ್ಕೆ ಕಳಿಸುತ್ತಿದ್ದರಂತೆ. ಅಲ್ಲಿ ನೂಲನ್ನು ಪರೀಕ್ಷಿಸಿ ತೂಕ ಹಾಕಿ ಮುಗಿಸುವುದಕ್ಕೆ ಎರಡು ಮೂರು ದಿನ ಹಿಡಿಯುತ್ತಿತ್ತು. ಅಷ್ಟು ಹೊತ್ತು ಮಾಡಲು ಬೇರೆ ಕೆಲಸವಿಲ್ಲದೆ ಅಪ್ಪ ಎದುರಿನ ಟಾಕೀಸಿಗೆ ಹೋಗಿ ಕೂರುತ್ತಿದ್ದರು. ಹತ್ತಿರದಲ್ಲಿದ್ದದ್ದು ಅದೊಂದೇ ಟಾಕೀಸು, ನಡೆಯುತ್ತಿದ್ದದ್ದು ಒಂದೇ ಸಿನಿಮಾ. ಹೀಗೆ ಒಂದು ಪ್ರಯಾಣದಲ್ಲಿ ಅದೇ ಸಿನಿಮಾವನ್ನು ಐದಾರು ಸಲ ನೋಡಿಕೊಂಡು ಬರುವುದು ರೂಢಿಯಾಯಿತು. ತಮಿಳಿನ ಒಂದಕ್ಷರವನ್ನೂ ಓದಲಾಗದ ಅವರು ತಮಿಳು ಕಲಿತದ್ದು ಹಾಗೆ.

"ಮೊದಲ್ನೇ ಆಟದಲ್ಲಿ ಕತೆ ಗೊತ್ತಾಯ್ತಿತ್ತು. ಎರಡ್ನೇದ್ರಲ್ಲಿ ಮಾತು ಗೊತ್ತಾಯ್ತಿತ್ತು. ಆಮ್ಯಾಕೆ ಅವ್ರ ಮಖ ನೋಡಾಕೆ ಹೋಯ್ತಿದ್ದೆ" ಎನ್ನುತ್ತಿದ್ದರು.

ಸಿನಿಮಾಗಳ ನಿಜವಾದ ಹೆಸರುಗಳನ್ನು ಅವರು ಬಳಸುತ್ತಿರಲಿಲ್ಲ. ಸಣ್ಣ ರೈಲು ನಿಲ್ದಾಣದ ಮಾಸ್ತರರೊಬ್ಬರು ಯಾರೋ ಬಿಟ್ಟುಹೋದ ಹೆಣ್ಣುಮಗುವನ್ನು ಸಾಕಿಕೊಳ್ಳುವ ಚಿತ್ರ ಅವರ ಪಾಲಿಗೆ 'ಟೇಷನ್ ಸಿನಿಮಾ'. ಸಂಗೀತದ ಗಂಧವಿಲ್ಲದ ಅಡುಗೆಯವನು ಸಂಗೀತದ ಮೇಷ್ಟ್ರೆಂದು ಸುಳ್ಳು ಹೇಳಿ ಶ್ರೀಮಂತರ ಮನೆ ಸೇರಿಕೊಳ್ಳುವ ಹಾಸ್ಯಚಿತ್ರ 'ಭಟ್ಟನ ಸಿನಿಮಾ'. ವಿಧವೆಯೊಬ್ಬಳು ವಕೀಲರಿಲ್ಲದೆ ತನ್ನ ಮೊಕದ್ದಮೆಯನ್ನು ತಾನೇ ವಾದಿಸುವುದು 'ಕೋರ್ಟು ಸಿನಿಮಾ'. ಎಲ್ಲವೂ ಕಪ್ಪುಬಿಳುಪಿನವು.

ಪದವಿ ಮುಗಿಸಿ ನಾನು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ಸೇರಿದಾಗ, ನಮ್ಮ ವಂಶದಲ್ಲಿ ತಿಂಗಳ ಸಂಬಳ ತಂದವರಲ್ಲಿ ನಾನೇ ಮೊದಲನೆಯವಳು. ಕನಕಪುರದಲ್ಲಿ ಬಸ್ಸು ಬದಲಿಸಿ ಹೋಗಿಬರುತ್ತಿದ್ದೆ. ಯಂತ್ರದ ಬಿಡಿಭಾಗಗಳನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ಗೀರು, ಬಿರುಕುಗಳನ್ನು ಹುಡುಕುವುದು ನನ್ನ ಕೆಲಸವಾಗಿತ್ತು. ಮೊದಲ ವರ್ಷದ ಉಳಿತಾಯದಲ್ಲಿ ಒಂದು ವಿಸಿಡಿ ಪ್ಲೇಯರು ತಂದೆ. ಬಸ್ ನಿಲ್ದಾಣದ ಬಳಿ ಸೀಡಿ ಬಾಡಿಗೆ ಕೊಡುವ ಅಂಗಡಿಯವರಿಗೆ ಅಪ್ಪನ ವಿವರಣೆ ಕೇಳಿಯೇ ಚಿತ್ರಗಳು ಗೊತ್ತಾಗಿಬಿಟ್ಟವು. ಅಲ್ಲಿಂದಾಚೆಗೆ ಪ್ರತಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವುಗಳಲ್ಲಿ ಒಂದು ನಮ್ಮ ಮನೆಯಲ್ಲಿ ನಡೆಯುತ್ತಿತ್ತು.

ನನಗೆ ಆಗ ಆ ಚಿತ್ರಗಳ ಬಗ್ಗೆ ಸ್ವಲ್ಪ ಸಂಕೋಚವಿತ್ತೆಂದು ಒಪ್ಪಿಕೊಳ್ಳಬೇಕು. ಅವುಗಳಲ್ಲಿ ಎಲ್ಲವನ್ನೂ ಬಾಯಿಬಿಟ್ಟೇ ಹೇಳುತ್ತಾರೆ, ನೋಡುಗರಿಗೆ ಉಳಿಸುವುದು ಏನೂ ಇಲ್ಲವೆಂದು ಕಾಲೇಜಿನ ಗೆಳತಿಯೊಬ್ಬಳು ನಕ್ಕಿದ್ದಳು. ಆ ಮಾತು ನನಗೂ ಸರಿಯೆಂದೇ ತೋರಿತ್ತು. ಆದರೂ ಮೂರನೆಯ ಸಲ, ನಾಲ್ಕನೆಯ ಸಲ ನೋಡುವಾಗ ಬೇರೊಂದು ಅನುಭವವಾಗುತ್ತಿತ್ತು. ಮುಂದೇನಾಗುವುದೋ ಎಂಬ ಆತಂಕ ಹೋದಮೇಲೆ, ಮಾಸ್ತರರು ಮಗುವಿಗೆ ಅನ್ನ ಕಲಸುವ ರೀತಿ, ಭಟ್ಟ ಸುಳ್ಳು ಹೇಳುವ ಮುಂಚೆ ಒಮ್ಮೆ ಕಿವಿ ಮುಟ್ಟಿಕೊಳ್ಳುವುದು, ಇಂಥವು ಕಣ್ಣಿಗೆ ಬೀಳುತ್ತಿದ್ದವು. ಹೊಸ ಸಿನಿಮಾದಲ್ಲಿ ನಾವು ಕಥೆಯ ಹಿಂದೆ ಓಡುತ್ತೇವೆ. ಗೊತ್ತಿರುವ ಸಿನಿಮಾದಲ್ಲಿ ಮನುಷ್ಯರ ಜೊತೆ ಕೂರುತ್ತೇವೆ.

ಅಪ್ಪನಂತೂ ಪ್ರತಿಯೊಂದನ್ನೂ ಮೊದಲೇ ಹೇಳುತ್ತಿದ್ದರು. "ಈಗ ಲಾಟೀನು ಕೆಳಗಿಡ್ತಾನೆ ನೋಡು," "ಈಗ ಅವ್ಳು ಕಣ್ಣೊರೆಸ್ಕತಾಳೆ ನೋಡು." ಒಮ್ಮೆ ಅವರು ಹಾಗೆಂದಾಗ ಆಕೆ ಕಣ್ಣು ಒರೆಸಿಕೊಳ್ಳಲಿಲ್ಲ, ಮುಖ ತಿರುಗಿಸಿದಳಷ್ಟೆ. ಪ್ರೀತಿಯಿಂದ ಸ್ವಲ್ಪ ಸೇರಿಸಿ ಹೇಳುತ್ತಿದ್ದಾರೆಂದು ನಾನು ಭಾವಿಸಿದೆ. ಆ ವರ್ಷ ಅವರು ಸೈಕಲ್ ಬಿಟ್ಟು ನಡೆದೇ ಕೆಲಸಕ್ಕೆ ಹೋಗತೊಡಗಿದ್ದರು. ಮಂಡಿನೋವಿಗೆ ನಡಿಗೆ ಒಳ್ಳೆಯದೆಂದು ಕಾರಣ ಕೊಟ್ಟಿದ್ದರು. ನಾನು ಅದನ್ನೂ ನಂಬಿದೆ.

ಒಂದು ಭಾನುವಾರ ಟೇಷನ್ ಸಿನಿಮಾ ಕೊನೆಯ ಹಂತಕ್ಕೆ ಬಂದಿತ್ತು. ಹೆತ್ತ ತಾಯಿ ಹುಡುಗಿಯನ್ನು ಕರೆದುಕೊಂಡು ರೈಲು ಹತ್ತಿದ್ದಾಳೆ. ಅಷ್ಟರಲ್ಲಿ ಸೀಡಿಯ ಮೇಲಿನ ಗೀರಿನಿಂದಲೋ ಏನೋ, ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟಿತು. ಧ್ವನಿ ಮಾತ್ರ ಮುಂದುವರಿಯಿತು. ನಾನು ಏಳುವಷ್ಟರಲ್ಲಿ ಅಪ್ಪ ಮುಂದಕ್ಕೆ ಬಾಗಿದರು.

"ನೋಡವ್ವ, ಹೆಂಗೆ ಓಡ್ತಾವ್ನೆ ನೋಡು! ಪಂಚೆ ಎಡವುದ್ರೂ ಕೈಲಿರೋ ಬಾವುಟ ಬಿಡಾಕಿಲ್ಲ ನೋಡು."

ಪರದೆಯ ಮೇಲೆ ಯಾರೂ ಓಡುತ್ತಿರಲಿಲ್ಲ. ಹುರುಳಿ ಆರಿಸುತ್ತಿದ್ದ ಅವ್ವ ಮೊರವನ್ನು ಕೆಳಗಿಟ್ಟಳು.

"ಎಲ್ಲಿ ಓಡ್ತಾವ್ನೆ?"

"ಅಯ್ಯೋ ನಿನ್ನ! ಕಣ್ಣು ಕಾಣಾಕಿಲ್ವಾ ನಿಂಗೆ?"

"ನಂಗೆ ಕಾಣ್ತೈತೆ. ನಿಮ್ಗೇನು ಕಾಣ್ತೈತೆ, ಒಸಿ ಅದ ಹೇಳಿ."

ಸ್ವಲ್ಪ ಹೊತ್ತಿಗೆ ಧ್ವನಿಯೂ ನಿಂತಿತು. ಅವ್ವ ಅವರ ಮುಂದೆ ಕೂತು, ಕಣ್ಣೆದುರಿಗೆ ಎರಡು ಬೆರಳು ಹಿಡಿದು ಎಷ್ಟೆಂದು ಕೇಳಿದಳು. ಅಪ್ಪ ಮುಖ ಪಕ್ಕಕ್ಕೆ ಹೊರಳಿಸಿದರು.

"ಕಣ್ಣು ಮುಚ್ಕಂಡು ಕೇಳ್ತಿದ್ದೆ ಕಣೆ, ಅದಕ್ಕೇನೀಗ?"

"ಎಷ್ಟು ದಿನದಿಂದ ಮುಚ್ಕಂಡಿದ್ದೀರಿ?"

ಒಂದು ಕಣ್ಣು ಪೂರ್ತಿ ಮಂಜು, ಇನ್ನೊಂದರಲ್ಲಿ ಆಕಾರ ಮಾತ್ರ ಕಾಣುತ್ತದೆಂದು ಆ ಸಂಜೆಯ ಹೊತ್ತಿಗೆ ಅವರ ಬಾಯಿಂದ ಬಂತು. ಬಿಸಿನೀರಿನ ತೊಟ್ಟಿಯಲ್ಲಿ ತೇಲುವ ಗೂಡುಗಳಿಂದ ಎಳೆ ಹಿಡಿಯುವುದು ಬೆರಳಿನ ಕೆಲಸ, ಕಣ್ಣಿನದಲ್ಲ ಎಂದು ವಾದಿಸಿದರು. ಗೂಡಿನ ಮಾರುಕಟ್ಟೆಯಲ್ಲಿ ಅವರಿಗೆ ಗೊತ್ತಿದ್ದ ಒಬ್ಬರು ಆಪರೇಷನ್ ಮಾಡಿಸಿಕೊಂಡು ಇದ್ದ ಬೆಳಕನ್ನೂ ಕಳೆದುಕೊಂಡಿದ್ದರಂತೆ. ಆಸ್ಪತ್ರೆಗೆ ಬರುವುದಿಲ್ಲವೆಂದರೆ ಬರುವುದಿಲ್ಲ.

ನಾನು ನನಗೆ ತಿಳಿದ ದಾರಿ ಹಿಡಿದೆ. ಕಾಗದದ ಮೇಲೆ ಕಣ್ಣಿನ ಚಿತ್ರ ಬರೆದು, ಪೊರೆ ಎಂದರೇನು, ತಡವಾದರೆ ಏನಾಗುತ್ತದೆ ಎಂದು ಪಾಠ ಮಾಡುವವಳಂತೆ ವಿವರಿಸಿದೆ. ಚಿತ್ರವನ್ನು ಕಣ್ಣು ಕಾಣದವರಿಗೇ ತೋರಿಸುತ್ತಿದ್ದೇನೆ ಎಂಬುದು ಸಹ ನನಗೆ ಹೊಳೆಯಲಿಲ್ಲ. ಅಪ್ಪ ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು.

"ನೀನು ಓದಿರೋದೆಲ್ಲ ಸರಿ ಕಣವ್ವ. ಕಣ್ಣು ಮಾತ್ರ ನಂದು."

ಮೂರು ವಾರ ಹೀಗೇ ಕಳೆಯಿತು. ನಾಲ್ಕನೆಯ ಭಾನುವಾರ ನಾನು ಮಾಡಿದ ಕೆಲಸ ಸರಿಯೋ ತಪ್ಪೋ ಎಂದು ಇಂದಿಗೂ ತೀರ್ಮಾನಿಸಲಾಗಿಲ್ಲ. ಅಪ್ಪ ನೋಡಿರದ, ಆದರೆ ಅದೇ ಕಾಲದ ಒಂದು ತಮಿಳು ಚಿತ್ರವನ್ನು ಅಂಗಡಿಯವರಿಂದ ಕೇಳಿ ತಂದು ಹಾಕಿದೆ. ಬೇಕೆಂದೇ ಹಾಕಿದೆ.

ಮೊದಲು ಅವರು ಉತ್ಸಾಹದಿಂದಲೇ ಕೂತರು. ಹಾಡು ಬಂದಾಗ ತಲೆದೂಗಿದರು. ಹತ್ತು ನಿಮಿಷದ ಮೇಲೆ ಪ್ರಶ್ನೆಗಳು ಶುರುವಾದವು. "ಈಗ ಮಾತಾಡ್ದೋಳು ಯಾರು, ಅತ್ತೆನಾ, ಸೊಸೆನಾ?" "ಬಾಗಿಲು ಬಡ್ದೋರು ಯಾರು?" ಅವ್ವ ಒಂದೆರಡಕ್ಕೆ ಉತ್ತರ ಕೊಟ್ಟಳು. ನಾನು ಕಣ್ಣಿನಲ್ಲೇ ಬೇಡವೆಂದೆ. ಆಮೇಲೆ ಒಂದು ದೀರ್ಘವಾದ ದೃಶ್ಯ ಬಂತು. ಸೊಸೆ ಖಾಲಿ ಮನೆಗೆ ಹಿಂದಿರುಗುತ್ತಾಳೆ, ಪೆಟ್ಟಿಗೆ ತೆರೆಯುತ್ತಾಳೆ, ಒಂದು ಕಾಗದ ಓದುತ್ತಾಳೆ, ನಿಧಾನವಾಗಿ ಕೆಳಗೆ ಕೂರುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ, ಗಡಿಯಾರದ ಟಿಕ್ ಟಿಕ್ ಮಾತ್ರ.

ಅಪ್ಪ ಕಾದರು. ಕೈಗಳನ್ನು ಮಂಡಿಯ ಮೇಲೆ ಇಟ್ಟುಕೊಂಡು, ಕತ್ತು ಸ್ವಲ್ಪ ಓರೆ ಮಾಡಿ, ಯಾರಾದರೂ ಮಾತನಾಡಲೆಂದು ಕಾದರು.

"ಏನಾಯ್ತು?" ಎಂದರು.

ನಾನು ಹೇಳಲಿಲ್ಲ.

"ಏನಾಯ್ತವ್ವ? ಯಾರೂ ಇಲ್ವಾ ಅಲ್ಲಿ?"

ಹೇಳಬಹುದಿತ್ತು. ಒಂದು ವಾಕ್ಯ ಸಾಕಾಗಿತ್ತು. ಅವ್ವ ನನ್ನ ಕಡೆ ನೋಡಿದ ನೋಟವನ್ನು ನಾನು ಮರೆತಿಲ್ಲ. ಅಪ್ಪ ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, "ಆರ್ಸು" ಎಂದು ಎದ್ದು ಹೊರಗೆ ಹೋಗಿ ಜಗಲಿಯ ಮೇಲೆ ಕೂತರು.

ಎಲ್ಲವನ್ನೂ ಬಾಯಿಬಿಟ್ಟು ಹೇಳುವ ಸಿನಿಮಾಗಳೆಂದು ಗೆಳತಿ ನಕ್ಕದ್ದು ನನಗೆ ಆಗ ನೆನಪಾಯಿತು. ಅಪ್ಪನ ಮೆಚ್ಚಿನ ಚಿತ್ರಗಳಲ್ಲಿ ಅದೇ ದೋಷವಿತ್ತು ನಿಜ. ಆ ದೋಷವೇ ಒಂದು ವರ್ಷ ಅವರಿಗೆ ಕಣ್ಣಾಗಿತ್ತು. ಹೊಸ ಚಿತ್ರ ಅವುಗಳಿಗಿಂತ ಉತ್ತಮವಾದದ್ದೇ ಇರಬಹುದು. ಅದು ಅವರನ್ನು ಹೊರಗೆ ನಿಲ್ಲಿಸಿತು, ನಾನು ಬಾಗಿಲು ಹಾಕಿದೆ.

ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಹಿಂದಿನಿಂದ ಕೇಳಿದರು: "ಆಸ್ಪತ್ರೆ ಎಲ್ಲೈತೆ ಅಂದಿದ್ದೆ? ಚನ್ನಪಟ್ಟಣದಾಗಾ?"

"ಹೂಂ."

"ರಜಾ ಹಾಕ್ತೀಯಾ?"

ಹಾಕಿದೆ. ಪರೀಕ್ಷಿಸಿದ ವೈದ್ಯರು ಬಲಗಣ್ಣಿಗೆ ಭರವಸೆ ಕೊಟ್ಟರು. ಎಡಗಣ್ಣಿನಲ್ಲಿ ಪೊರೆ ತೀರಾ ಬಲಿತು, ಒತ್ತಡ ಹೆಚ್ಚಿ ನರಕ್ಕೆ ಪೆಟ್ಟಾಗಿದೆ, ಆರೇಳು ತಿಂಗಳ ಹಿಂದೆ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು. ಆರೇಳು ತಿಂಗಳ ಹಿಂದೆ ನಾನು ದಿನವೂ ಕಬ್ಬಿಣದ ತುಂಡುಗಳಲ್ಲಿ ಕೂದಲೆಳೆಯಷ್ಟು ಗೀರನ್ನು ಹುಡುಕಿ ಪಕ್ಕಕ್ಕಿಡುತ್ತಿದ್ದೆ. ಅಪ್ಪ ಮಾತ್ರ "ಒಂದಿದ್ರೆ ಸಾಕು ಬುಡಿ ಸಾರ್, ಸಿನಿಮಾ ಟಿಕೆಟ್ಟೂ ಒಂದೇ ತಾನೇ" ಎಂದು ವೈದ್ಯರನ್ನೇ ನಗಿಸಿದರು.

ಆಪರೇಷನ್ ಆದ ಮರುದಿನ ಕಟ್ಟು ಬಿಚ್ಚುವಾಗ ನಾನೂ ಅವ್ವನೂ ಮಂಚದ ಪಕ್ಕದಲ್ಲಿದ್ದೆವು. ಅಪ್ಪ ಹಲವು ಸಲ ರೆಪ್ಪೆ ಬಡಿದರು, ನೀರು ಸುರಿಯಿತು. ಮೊದಲು ಅವ್ವನನ್ನು ನೋಡಿ, "ನೀನು ಹಂಗೇ ಇದ್ದೀಯ ಬುಡು" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಮುಖದ ಹತ್ತಿರಕ್ಕೆ ಬಾಗಿದರು.

"ಕನ್ನಡಕ ಯಾವಾಗ ಬಂತವ್ವ ನಿಂಗೆ?"

ಕಾರ್ಖಾನೆಯಲ್ಲಿ ನಡೆದ ಕಣ್ಣಿನ ತಪಾಸಣೆಯಲ್ಲಿ ನನಗೆ ದೃಷ್ಟಿದೋಷವಿದೆಯೆಂದು ಹೇಳಿ ಕನ್ನಡಕ ಬರೆದುಕೊಟ್ಟಿದ್ದರು. ಅದನ್ನು ಹಾಕಿಕೊಂಡು ಮನೆಗೆ ಬಂದ ದಿನ ಅಪ್ಪ ಒಂದು ಮಾತೂ ಆಡಿರಲಿಲ್ಲ. ಮದುವೆಯಾಗಬೇಕಾದ ಮಗಳಿಗೆ ಕನ್ನಡಕ ಬಂತೆಂದು ಬೇಸರವಾಗಿರಬೇಕೆಂದು ನಾನೂ ಅವ್ವನೂ ನಮ್ಮಷ್ಟಕ್ಕೆ ಊಹಿಸಿಕೊಂಡು, ಅವರ ಮುಂದೆ ಆ ಮಾತೇ ಎತ್ತಿರಲಿಲ್ಲ.

"ಎಂಟು ತಿಂಗಳಾಯ್ತಪ್ಪ" ಎಂದೆ.

"ಎಂಟು ತಿಂಗಳಿಂದ ನಂಗ್ಯಾರೂ ಹೇಳ್ನೇ ಇಲ್ವಲ್ಲ."

"ನೀನು ಮಾತ್ರ ಹೇಳಿದ್ಯಾ?"

"ಸರಿ ಸರಿ, ಇಬ್ರೂ ಬಾಯ್ಮುಚ್ಕೊಳ್ಳಿ" ಎಂದಳು ಅವ್ವ. "ಕಣ್ಣಿಗೆ ನೀರು ತಾಗಬಾರ್ದು ಅಂತ ಈಗ ತಾನೇ ಹೇಳೋಗವ್ರೆ."

ಅಪ್ಪ ಕೈ ಚಾಚಿ ನನ್ನ ಕನ್ನಡಕವನ್ನು ತೆಗೆದರು. ಬೆಳಕಿಗೆ ಹಿಡಿದು, ನೂಲಿನ ಎಳೆಯನ್ನು ನೋಡುವವರಂತೆ ಓರೆ ಮಾಡಿ ನೋಡಿದರು. ತಮ್ಮ ಅಂಗಿಯ ತುದಿಯಿಂದ ಎರಡೂ ಗಾಜನ್ನು ಒರೆಸಿ, ತಿರುಗಿ ನನ್ನ ಮೂಗಿನ ಮೇಲೆ ಕೂರಿಸಿದರು. ಸ್ವಲ್ಪ ವಾರೆಯಾಗಿ ಕೂತಿತ್ತು. ನಾನು ಸರಿಮಾಡಿಕೊಳ್ಳಲಿಲ್ಲ.