ಸಿಳ್ಳೆ ಹೊಡೆಯುವ ಹಲ್ಲು ಸೆಟ್ಟು

ನನ್ನ ಗಂಡ ಹಲ್ಲು ಕಟ್ಟುವವರು. ಕೀಳುವವರಲ್ಲ, ಆ ಕೆಲಸ ಡಾಕ್ಟರದು. ಡಾಕ್ಟರು ಬೊಚ್ಚುಬಾಯಿಯ ಅಚ್ಚು ತೆಗೆದು ಡಬ್ಬಿಯಲ್ಲಿಟ್ಟು ಕಳಿಸುತ್ತಾರೆ. ಇವರು ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ಮಾಡಿ, ಅದರ ಮೇಲೆ ಗುಲಾಬಿ ಬಣ್ಣದ ಮೇಣದಲ್ಲಿ ಒಂದೊಂದೇ ಹಲ್ಲು ನಿಲ್ಲಿಸುತ್ತಾರೆ. ನಮ್ಮ ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಗೋಡೆಯ ಶೆಲ್ಫಿನಲ್ಲಿ ಮೂವತ್ತೈದು ವರ್ಷದ ದವಡೆಗಳು ಸಾಲಾಗಿ ಕೂತಿವೆ, ಪ್ರತಿಯೊಂದರ ಬುಡದಲ್ಲೂ ಪೆನ್ಸಿಲ್ಲಿನಲ್ಲಿ ಬರೆದ ಹೆಸರು. ಹೊಸದಾಗಿ ಈ ಮನೆಗೆ ಬಂದಾಗ ಅವನ್ನು ನೋಡಿ ಹೆದರುತ್ತಿದ್ದೆ. ಈಗ ಮನೆಯಲ್ಲಿರುವ ಗಂಡಸಿಗಿಂತ ಅವೇ ವಾಸಿ ಅನ್ನಿಸುತ್ತದೆ, ಎದುರು ಮಾತಾಡುವುದಿಲ್ಲ.

ಇವರು ಯಾರ ಮುಖವನ್ನೂ ನೋಡುವುದಿಲ್ಲ, ಬಾಯಿ ನೋಡುತ್ತಾರೆ. ಮೊದಲ ಸಲ ನನ್ನನ್ನು ಮಾತಾಡಿಸಿದಾಗ, "ನಿಮ್ಮ ಎಡಗಡೆ ಕೋರೆಹಲ್ಲು ಸ್ವಲ್ಪ ತಿರುಗಿದೆ. ಹಾಗೇ ಇರ್ಲಿ, ಚೆನ್ನಾಗಿದೆ" ಅಂದಿದ್ದರು. ಅದಕ್ಕಿಂತ ದೊಡ್ಡ ಪ್ರೇಮದ ಮಾತು ಈವರೆಗೆ ಅವರಿಂದ ಬಂದಿಲ್ಲ. ಬರುತ್ತದೆಂಬ ಆಸೆಯನ್ನು ನಾನೂ ಬಿಟ್ಟಿದ್ದೇನೆ.

ಹಲ್ಲು ಬಿಟ್ಟರೆ ಇವರಿಗೆ ಇರುವ ಇನ್ನೊಂದು ಹುಚ್ಚು ಒಂದು ರಾಕ್ ತಂಡದ್ದು. ಮೊದಲು ನಾಲ್ಕು ಜನ ಇದ್ದರಂತೆ, ಒಬ್ಬ ತೀರಿಕೊಂಡು ಈಗ ಮೂವರು. ಗಿಟಾರು ಕಿರುಚುತ್ತದೆ, ಡ್ರಮ್ಮು ಬಡಿದುಕೊಳ್ಳುತ್ತದೆ, ನಡುವೆ ಒಬ್ಬ ಗಂಟಲು ಹರಿದುಕೊಳ್ಳುತ್ತಾನೆ. ನನಗೆ ಅಷ್ಟೇ ಕೇಳುವುದು. ಈ ಹುಚ್ಚು ಅಂಟಿಸಿದ್ದು ನನ್ನ ಅಣ್ಣ. ಅಣ್ಣ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ, ಈಗ ನಿವೃತ್ತ. ನನ್ನ ಮದುವೆಗೂ ಮುಂಚಿನಿಂದ ಅವರಿಬ್ಬರೂ ಸ್ನೇಹಿತರು. ಒಂದೇ ಟೇಪ್ ರೆಕಾರ್ಡರಿಗೆ ಕಿವಿ ಕೊಟ್ಟು ಕೂತವರು ಆಮೇಲೆ ನೆಂಟರಾದರು. ಕೆಲವೊಮ್ಮೆ ಕ್ಯಾಸೆಟ್ಟು ಎರವಲು ಕೊಟ್ಟ ಹಾಗೆ ನನ್ನನ್ನೂ ಕೊಟ್ಟುಬಿಟ್ಟನೇನೋ ಅನ್ನಿಸುವುದುಂಟು.

ಪ್ರತಿ ಭಾನುವಾರ ಮಧ್ಯಾಹ್ನ ನಾಲ್ಕು ಜನ ಆ ಕಾರ್ಖಾನೆಯಲ್ಲಿ ಸೇರುತ್ತಾರೆ: ಇವರು, ಅಣ್ಣ, ಬಸ್ ಕಂಡಕ್ಟರ್ ಒಬ್ಬ, ಔಷಧಿ ಅಂಗಡಿಯಾಕೆ ಒಬ್ಬಳು. ಮೊದಲು ಅಣ್ಣ ಎದ್ದು ನಿಂತು ಕಣ್ಣು ಮುಚ್ಚಿ ತಂಡದ ಹಾಡೊಂದನ್ನು ಹಾಡಬೇಕು, ಉಳಿದವರು ಮೇಜು ಬಡಿಯಬೇಕು, ಆಮೇಲೆ ಜಗಳ. ಅಣ್ಣನ ಕಂಠ ಚೆನ್ನಾಗಿತ್ತು. ಅದನ್ನು ನಾನೂ ಒಪ್ಪುತ್ತೇನೆ. ಅವನು ಹಾಡಿದರೆ ಆ ಗಲಾಟೆಯ ಹಾಡಿನಲ್ಲೂ ಏನೋ ಇದೆ ಅನ್ನಿಸುತ್ತಿತ್ತು.

ಒಂದೂವರೆ ವರ್ಷದ ಹಿಂದೆ ವಸಡು ಕೆಟ್ಟು ಅಣ್ಣನ ಮೇಲಿನ ಸಾಲು ಪೂರ್ತಿ ಹೋಯಿತು. ಇವರು ತಮ್ಮ ವಿದ್ಯೆಯನ್ನೆಲ್ಲ ಧಾರೆಯೆರೆದು ಒಂದು ಸೆಟ್ಟು ಮಾಡಿಕೊಟ್ಟರು. ಅದನ್ನು ಹಾಕಿಕೊಂಡು ಮುಂದಿನ ಭಾನುವಾರ ಅಣ್ಣ ಹಾಡಲು ನಿಂತ. ಎರಡನೇ ಸಾಲಿನಲ್ಲಿ 'ಸ' ಬಂದದ್ದೇ ತಡ, ಬಾಯಿಂದ ಸಣ್ಣದೊಂದು ಸಿಳ್ಳೆ ಹೊರಟಿತು. ಕಂಡಕ್ಟರ್ ಕಿಸಕ್ಕನೆ ನಕ್ಕ. ಬೇಕೆಂದು ನಕ್ಕದ್ದಲ್ಲ, ಪಾಪ, ಇಡೀ ದಿನ ಬಸ್ಸಿನಲ್ಲಿ ಸಿಳ್ಳೆ ಊದುವವನಿಗೆ ಇಲ್ಲೂ ಸಿಳ್ಳೆ ಕೇಳಿ ತಡೆಯಲಾಗಲಿಲ್ಲ. ಅಣ್ಣ ಕೂತುಬಿಟ್ಟ. ಸೆಟ್ಟು ತೆಗೆದು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ಅವತ್ತಿನಿಂದ ಹಾಡುವುದಿರಲಿ, ನಗುವಾಗಲೂ ಕೈ ಅಡ್ಡ ಹಿಡಿಯತೊಡಗಿದ.

ಇವರು ಆ ಸೆಟ್ಟನ್ನು ಒಂಬತ್ತು ಸಲ ತಿದ್ದಿದರು. ಹಲ್ಲು ಕಟ್ಟಿಸಿಕೊಂಡವರಿಗೆ ಇವರದೊಂದು ಪರೀಕ್ಷೆ ಇದೆ, ಸಾವಿರದ ಒಂದು, ಸಾವಿರದ ಎರಡು ಎಂದು ಎಣಿಸಬೇಕು. ಆ 'ಸಾ' ಶುದ್ಧವಾಗಿ ಬಂದರೆ ಸೆಟ್ಟು ಪಾಸು. ಒಂಬತ್ತನೇ ಸಲ ಅಣ್ಣ ಸಾವಿರದ ಅರವತ್ತರವರೆಗೆ ಎಣಿಸಿದ, ಗಾಳಿ ಕೂಡ ಸೋರಲಿಲ್ಲ. ಆದರೂ "ನಂಗೆ ಕೇಳ್ಸುತ್ತೆ ಕಣೋ ಹಲ್ಲಪ್ಪ, ಒಳಗಡೆ ಸಿಳ್ಳೆ ಹೊಡೀತಾನೇ ಇದೆ" ಎಂದು ಮತ್ತೆ ಜೇಬಿಗಿಳಿಸಿದ. ಕಿವಿಯಲ್ಲಿ ಕೂತ ಸಿಳ್ಳೆಗೆ ಸೆಟ್ಟು ಉಜ್ಜುವ ಇವರ ಅರ ಏನು ಮಾಡೀತು?

ಹಾಡುವುದು ನಿಂತ ಮೇಲೆ ಅಣ್ಣ ಬರೀ ತೀರ್ಪು ಕೊಡುವವನಾದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಎಲ್ಲದರಲ್ಲೂ ಐಬು. ಒಡಹುಟ್ಟಿದವಳು ನಾನು, ಹೇಳಬಾರದು, ಆದರೂ ಹೇಳುತ್ತೇನೆ: ಅಣ್ಣ ಒಣಗುತ್ತಿದ್ದ. ಇವರೂ ಒಳಗೊಳಗೇ ಕೊರಗುತ್ತಿದ್ದರು. ಊರಿನವರಿಗೆಲ್ಲ ಬಾಯಿ ಕೊಟ್ಟವರು ಪ್ರಾಣಸ್ನೇಹಿತನ ಬಾಯಿ ಮುಚ್ಚಿಸಿದಂತಾಗಿತ್ತು.

ಹೀಗಿರುವಾಗ ಒಂದು ಬುಧವಾರ ಆ ತಂಡದ ಹೊಸ ಹಾಡು ಬಂತು. ಇಪ್ಪತ್ತೆರಡು ವರ್ಷದ ಮೇಲೆ! ಹಾಡುಗಾರನಿಗೆ ಎಪ್ಪತ್ತಾರು ವಯಸ್ಸು. ಮಿಕ್ಕಿಬ್ಬರ ವಯಸ್ಸು ಅವರ ಹೆಂಡತಿಯರಿಗೂ ಗೊತ್ತಿರಲಿಕ್ಕಿಲ್ಲ. ಪಲ್ಲವಿ ನನಗೂ ಬಾಯಿಪಾಠವಾಗಿದೆ, ಯಾಕೆಂದರೆ ಮುಂದಿನ ನಾಲ್ಕೈದು ದಿನ ನಮ್ಮ ಮನೆಯಲ್ಲಿ ಬೇರೇನೂ ಕೇಳಿಸಲಿಲ್ಲ:

ಸಾಕು ಸೂರ್ಯ, ಸ್ವಲ್ಪ ಸರಿ,
ಸಂಜೆಗೂ ಒಂದು ಸೀಟು ಬಿಡು.

ಭಾನುವಾರ ಮೀಟಿಂಗು ಭರ್ತಿ ಒಂದು ಗಂಟೆ ಮುಂಚೆಯೇ ಶುರುವಾಯಿತು. ನಾನು ಚಹಾ ತಗೊಂಡು ಹೋಗುವಷ್ಟರಲ್ಲಿ ಕಂಡಕ್ಟರ್ ಎದೆ ತಟ್ಟಿಕೊಳ್ಳುತ್ತಿದ್ದ.

"ಸೀಟು ಬಿಡು ಅಂತಾನಲ್ಲ, ಇದು ನಮ್ಮ ಹಾಡು! ಇಪ್ಪತ್ತೆಂಟು ವರ್ಷದಿಂದ ನಾನು ಹೇಳ್ತಿರೋದು ಇದನ್ನೇ. ಅದೂ ಬಿಡಿ, ಪಲ್ಲವಿ ಕೊನೇಲಿ 'ಟಕ್' ಅಂತ ಒಂದು ಹೊಡ್ತ ಬರುತ್ತಲ್ಲ, ಏನು ವಾದ್ಯ ಅದು? ಈ ವಯಸ್ಸಲ್ಲೂ ಹೊಸ ವಾದ್ಯ ಕಂಡುಹಿಡಿದಿದಾರೆ ಅಂದ್ರೆ!"

"ವಾದ್ಯ ಚೆನ್ನಾಗಿದೆ, ಡ್ರಮ್ಮು ನಿಧಾನ ಆಯ್ತು," ಎಂದಳು ಔಷಧಿ ಅಂಗಡಿಯಾಕೆ. "ಬಿಪಿ ಮಾತ್ರೆ ತಗೊಂಡು ಬಾರಿಸ್ದಂಗಿದೆ. ನಾನು ದಿನಾ ನೋಡ್ತೀನಲ್ಲ, ನಂಗೊತ್ತು."

ಅಣ್ಣ ಲೋಟ ಕುಕ್ಕಿದ. "ನೀವಿಬ್ರೂ ಕಿವುಡ್ರು. ಅದು ಅವನೇ ಅಲ್ಲ."

"ಯಾರು ಅಲ್ಲ ಮೇಷ್ಟ್ರೇ?"

"ಹಾಡಿರೋನು! ಯಾವನೋ ಹುಡುಗನ್ನ ಇಟ್ಕೊಂಡು ಹಾಡ್ಸಿದಾರೆ, ಇಲ್ಲಾ ಕಂಪ್ಯೂಟರಲ್ಲಿ ಮಾಡಿದಾರೆ. ಎಪ್ಪತ್ತಾರು ವರ್ಷದ ಮುದುಕನ ಬಾಯಲ್ಲಿ ಏನಿರುತ್ತೆ ಹೇಳಿ? ಹಾಡಕ್ಕಾಗಲ್ಲ ರೀ. ಆಗೋದೇ ಇಲ್ಲ!"

ಕಂಡಕ್ಟರ್ ವಾದಿಸಿದ, ಅಂಗಡಿಯಾಕೆ ಸಮಾಧಾನ ಹೇಳಿದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನ ಹತ್ತಿರ ಏನು ಮಾತು? ಕೊನೆಗೆ ಅಣ್ಣ ಎದ್ದು ನಿಂತ. "ಮೋಸದ ಹಾಡಿಗೆ ತಲೆದೂಗೋರ ಜತೆ ನಾನು ಕೂರಲ್ಲ. ಮುಂದಿನ ಭಾನುವಾರದಿಂದ ನಾನು ಬರಲ್ಲ." ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ. ಅವನು ಬರದಿದ್ದರೆ ಆ ಭಾನುವಾರಗಳು ಮುಗಿದ ಹಾಗೇ. ಇವರು ಬಾಗಿಲ ತನಕ ಹೋಗಿ ವಾಪಸು ಬಂದು ಕೂತರು. ನನಗೆ ಅಣ್ಣನ ಮೇಲೆ ಸಿಟ್ಟು ಬಂತು, ಇವರ ಮುಖ ನೋಡಿ ಅಳುವೂ ಬಂತು.

ಸೋಮವಾರದಿಂದ ಇವರು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತರು. ಡಾಕ್ಟರ ಡಬ್ಬಿಗಳು ಹಾಗೇ ಬಿದ್ದಿದ್ದವು. ಮಂಗಳವಾರ ಬೆಳಿಗ್ಗೆ ನಾನು ಬಟ್ಟೆ ಒಣಹಾಕುತ್ತಿದ್ದಾಗ ಓಡಿಬಂದು ನನ್ನ ಕಿವಿಗೂ ಹೆಡ್‌ಫೋನು ತುರುಕಿದರು.

"ಕೇಳು! 'ಸಾಕು ಸೂರ್ಯ'... ಕೇಳ್ತಾ?"

"ಏನು ಕೇಳೋದು?"

"ಸಿಳ್ಳೆ! ಪ್ರತಿ 'ಸ'ಗೂ ಸಣ್ಣ ಸಿಳ್ಳೆ! ಮುಂದಿನ ಹಲ್ಲಿನ ಹಿಂದೆ, ಅಂಗುಳಲ್ಲಿ, ಅರ್ಧ ಮಿಲಿಮೀಟರ್ ದಪ್ಪ ಜಾಸ್ತಿಯಾಗಿದೆ ಕಣೇ. ಗಾಳಿಗೆ ದಾರಿ ಕಿರಿದಾಗಿ ಸಿಳ್ಳೆ ಹೊಡೆಯುತ್ತೆ. ಅವನಿಗೆ ಮೇಲಿನ ಸಾಲು ಪೂರ್ತಿ ಕಟ್ಟಿದ ಹಲ್ಲು!"

"ಮತ್ತೆ ಆ ಟಕ್?"

ಇವರು ನಕ್ಕರು. ಎಷ್ಟೋ ದಿನದ ಮೇಲೆ ನಕ್ಕರು. "ಕಂಡಕ್ಟರ್‌ನ ವಾದ್ಯ ತಾನೇ? ಜೋರಾಗಿ ಬಾಯಿ ತೆಗೆದಾಗ ಸೆಟ್ಟು ಜಾರಿ ಕೆಳಗಿನ ಹಲ್ಲಿಗೆ ಬಡಿಯುತ್ತೆ. ಯಾವನೋ ಅಡ್ಡಕಸುಬಿ ಕಟ್ಟಿದಾನೆ. ಅಷ್ಟು ದೊಡ್ಡ ಮನುಷ್ಯನಿಗೆ ಒಬ್ಬ ಒಳ್ಳೆ ಕೆಲಸಗಾರ ಸಿಗಲಿಲ್ಲವಾ?"

ತಕ್ಷಣ ಅಣ್ಣನಿಗೆ ಫೋನು ಮಾಡಿದರು. ಅವನ ಉತ್ತರ ಅಡುಗೆಮನೆಯವರೆಗೂ ಕೇಳಿಸಿತು: "ಹಲ್ಲು ಕಟ್ಟೋನಿಗೆ ಊರೆಲ್ಲಾ ಬೊಚ್ಚುಬಾಯೇ! ಇಡೋ ಫೋನು!"

ಅವತ್ತು ಮಧ್ಯಾಹ್ನ ಇವರು ಶೆಲ್ಫಿನಿಂದ ಅಣ್ಣನ ದವಡೆ ಇಳಿಸಿದರು. ಶುಕ್ರವಾರದವರೆಗೆ ಕೆಲಸ ನಡೆಯಿತು. ನಾನು ಹೋಗಿ ನೋಡಿದರೆ, ಜೀವಮಾನದಲ್ಲಿ ಒಂದು ಗೆರೆ ಹೆಚ್ಚುಕಮ್ಮಿ ಮಾಡದ ಮನುಷ್ಯ ಬೇಕೆಂದೇ ಅಂಗುಳಿಗೆ ಮೇಣ ಮೆತ್ತುತ್ತಿದ್ದಾರೆ, ಬೇಕೆಂದೇ ಅಂಚು ಸಡಿಲ ಬಿಡುತ್ತಿದ್ದಾರೆ, ಮತ್ತೆ ಹಾಡು ಕೇಳುತ್ತಾರೆ, ಮತ್ತೆ ಕೆಡಿಸುತ್ತಾರೆ.

"ಏನ್ರೀ ಇದು?"

"ಆ ಅಡ್ಡಕಸುಬಿ ಮಾಡಿದ ಹಾಗೇ ಮಾಡ್ತಿದೀನಿ. ಎರಡು ಸಲ ಮಾಡಿ ಎಸೆದೆ. ಕೆಟ್ಟದಾಗಿ ಮಾಡೋದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಕೈ ತಾನಾಗೇ ಸರಿ ಮಾಡ್ಬಿಡುತ್ತೆ."

ಮೇಣದ ದೀಪದ ಹೊಗೆಗೋ ಏನೋ, ಅವರ ಕಣ್ಣು ಕೆಂಪಗಿತ್ತು. ನನಗೆ ಆ ಗಳಿಗೆಯಲ್ಲಿ ಈ ಮನುಷ್ಯನ ಮೇಲೆ ಬಂದಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ. ಹೇಳಲಿಲ್ಲ. ಹೇಳಿದ್ದರೆ ನನ್ನ ಕೋರೆಹಲ್ಲು ನೋಡುತ್ತಿದ್ದರು.

ಇನ್ನು ಅಣ್ಣನನ್ನು ಕರೆತರುವ ಕೆಲಸ ನನ್ನದು. ಭಾನುವಾರ ಅವನ ಮನೆಗೆ ಹೋಗಿ ರಾಜಾರೋಷವಾಗಿ ಒಂದು ಸುಳ್ಳು ಹೇಳಿದೆ. "ಅಣ್ಣ, ನೀನು ಹೇಳಿದ್ದೇ ಸರಿ ಅಂತ ಎಲ್ರೂ ಒಪ್ಕೊಂಡ್ರು. ಬಂದು ಒಂದು ಮಾತು ಕೇಳಿ ಹೋಗು." ಅಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಅತ್ತಿಗೆ ಬಾಗಿಲಲ್ಲಿ ನನಗೆ ಕಣ್ಣು ಮಿಟುಕಿಸಿದಳು, ಅವಳಿಗೆ ಎಲ್ಲ ಗೊತ್ತಿತ್ತು.

ಕಾರ್ಖಾನೆಗೆ ಬಂದು ಕೂತವನ ಮುಂದೆ ಇವರು ಹೊಸ ಸೆಟ್ಟು ಇಟ್ಟರು.

"ಏನೋ ಇದು?"

"ಭಾವ, ಆ ಹಾಡನ್ನ ಹಲ್ಲಿಲ್ಲದ ಮುದುಕ ಹಾಡಕ್ಕಾಗಲ್ಲ ಅಂದ್ರಲ್ಲ. ಅದನ್ನ ನೀವೇ ತೋರಿಸ್ಬೇಕು. ಇದನ್ನ ಹಾಕ್ಕೊಂಡು ಹಾಡಿ. ಆಗಲಿಲ್ಲ ಅಂದ್ರೆ ನೀವು ಗೆದ್ರಿ, ಆ ಹಾಡು ಈ ಮನೆಯಲ್ಲಿ ಇನ್ನು ಕೇಳಲ್ಲ."

ಅಣ್ಣ ಸಿಕ್ಕಿಬಿದ್ದ. ಗೆಲ್ಲಬೇಕಾದರೆ ಬಾಯಿ ತೆರೆಯಬೇಕು. ಕಂಡಕ್ಟರ್‌ನನ್ನು ದುರುಗುಟ್ಟಿ ನೋಡಿದ. ಕಂಡಕ್ಟರ್ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡ. ಅಣ್ಣ ಗೋಡೆಯ ಕಡೆ ತಿರುಗಿ ಸೆಟ್ಟು ಹಾಕಿಕೊಂಡ. ಸುಳ್ಳು ಹೇಳಿ ಕರೆತಂದವಳು ನಾನು. ಮತ್ತೊಮ್ಮೆ ಅವನ ಮಾನ ಹೋದರೆ ಅವನು ಈ ಹೊಸ್ತಿಲು ತುಳಿಯುವುದಿಲ್ಲ.

"ಸಾಕು ಸೂರ್ಯ," ಎಂದ, ಸೋಲಲೆಂದೇ, ಗಟ್ಟಿಯಾಗಿ. ಸಿಳ್ಳೆ ಬಂತು. "ಸ್ವಲ್ಪ ಸರಿ." ಎರಡು ಸಿಳ್ಳೆ. "ಸಂಜೆಗೂ ಒಂದು ಸೀಟು ಬಿಡು," ಎಂದು ಬಾಯಿ ಅಗಲಿಸಿ ಎಳೆದ. ಟಕ್!

ಇವರು ರೆಕಾರ್ಡು ಹಾಕಿದರು. ಅದೇ ಸಿಳ್ಳೆ, ಅದೇ ಜಾಗ, ಅದೇ ಟಕ್. ನನ್ನಂಥ ಗುಗ್ಗುವಿಗೂ ಗೊತ್ತಾಯಿತು.

"ಅಯ್ಯೋ," ಎಂದ ಕಂಡಕ್ಟರ್ ಬೆರಳ ಸಂದಿಯಿಂದ, "ನನ್ನ ವಾದ್ಯ ಮೇಷ್ಟ್ರ ಬಾಯಲ್ಲಿತ್ತಾ?"

ಅಣ್ಣ ಅವನ ಕಡೆ ನೋಡಲಿಲ್ಲ. ಇನ್ನೊಮ್ಮೆ ರೆಕಾರ್ಡು ಹಾಕು ಎಂದು ಸನ್ನೆ ಮಾಡಿದ. ಈ ಸಲ ರೆಕಾರ್ಡಿನ ಜೊತೆಗೇ ಹಾಡಿದ. ಮೂರನೇ ಸಲ ಕಣ್ಣು ಮುಚ್ಚಿಕೊಂಡ. ಔಷಧಿ ಅಂಗಡಿಯಾಕೆ ಮೆಲ್ಲಗೆ ಮೇಜು ಬಡಿಯತೊಡಗಿದಳು. ಹಾಡು ಮುಗಿದಾಗ ಅಣ್ಣನ ಕೆನ್ನೆ ಒದ್ದೆಯಾಗಿತ್ತು.

"ಅವನೇ ಕಣೋ," ಎಂದ. "ಪಾಪ, ಅವನಿಗೂ ಹೋಗಿದೆ. ಸಿಳ್ಳೆ ಹೊಡ್ಕೊಂಡೇ ಹಾಡಿದಾನಲ್ಲೋ, ಊರೆಲ್ಲಾ ಕೇಳೋ ಹಾಗೆ!" ಆಮೇಲೆ ಮೂಗು ಒರೆಸಿಕೊಂಡು ಗಂಟಲು ಸರಿಮಾಡಿಕೊಂಡ. "ಆದ್ರೆ ಹಾಡು ಸುಮಾರು. ಅದರಲ್ಲಿ ಎರಡು ಮಾತಿಲ್ಲ."

"ಸುಮಾರಾ?" ಎಂದು ಕಂಡಕ್ಟರ್ ಎಗರಿದ, ಅಂಗಡಿಯಾಕೆ ಡ್ರಮ್ಮಿನ ವಿಷಯ ಎತ್ತಿದಳು, ಸಂಜೆ ಐದೂವರೆಯವರೆಗೆ ಮೂವರೂ ಕಚ್ಚಾಡಿದರು. ಅಣ್ಣ ಬಾಯಿಗೆ ಕೈ ಅಡ್ಡ ಹಿಡಿಯದೆ ಬೈಯುತ್ತಿದ್ದ. ಒಂದೊಂದು ಬೈಗುಳಕ್ಕೂ ಒಂದೊಂದು ಸಿಳ್ಳೆ.

ಇವರು ಆ ಜಗಳದಲ್ಲಿ ಸೇರಲೇ ಇಲ್ಲ. ಪ್ರತಿ ಸಿಳ್ಳೆಗೂ ಮೈಗೆ ಮುಳ್ಳು ಚುಚ್ಚಿದಂತೆ ಕೂತಲ್ಲೇ ಮಿಸುಕುತ್ತಿದ್ದರು. ಕೊನೆಗೆ ತಡೆಯಲಾರದೆ ಅರ ಕೈಗೆತ್ತಿಕೊಂಡು, "ಭಾವ, ಪಂದ್ಯ ಮುಗೀತಲ್ಲ, ಕೊಡಿ ಇಲ್ಲಿ. ಐದು ನಿಮಿಷ. ಅಂಗುಳು ಸ್ವಲ್ಪ ತೆಳು ಮಾಡಿಕೊಡ್ತೀನಿ. ಯಾರಾದ್ರೂ ಕೇಳಿದ್ರೆ ನನ್ನ ಕೆಲಸ ಅಂತ ಹೇಳಕ್ಕಾಗಲ್ಲ," ಎಂದರು.

ಅಣ್ಣ ಕುರ್ಚಿಯನ್ನೇ ಹಿಂದಕ್ಕೆ ಸರಿಸಿಕೊಂಡ. "ಮುಟ್ಟಿದ್ಯೋ ನೋಡು! ನೀನು ಹೇಳ್ದಿದ್ರೆ ಏನಂತೆ, ಇಡೀ ಊರಿಗೆ ನಾನೇ ಹೇಳ್ತೀನಿ, ನೀನೇ ಮಾಡಿದ್ದು ಅಂತ."

ಇವರು ಅರವನ್ನು ಮೇಜಿನ ಮೇಲಿಟ್ಟು, ಕನ್ನಡಕ ತೆಗೆದು, ಯಾರಿಗೂ ಮುಖ ಕಾಣದಂತೆ ಶೆಲ್ಫಿನ ಕಡೆ ತಿರುಗಿ ನಿಂತರು. ನಾನು ಮತ್ತೆ ಚಹಾ ಇಡಲು ಒಳಗೆ ಹೋದೆ.