ಅಟ್ಟದ ಮೇಲಿನ ಕಾಯಿಗಳ ಉಸಿರು

ಹೇಳಿದರೆ ನೀವು ನಂಬುವುದಿಲ್ಲ, ಆದರೂ ಹೇಳುತ್ತೇನೆ: ನಾನು ಏಳನೇ ಕ್ಲಾಸಿನವರೆಗೆ ಸಾವಿರಾರು ಜೀವಗಳ ಕೆಳಗೆ ಮಲಗಿ ಬೆಳೆದವನು. ಈಗ ತಿಪಟೂರಿನಲ್ಲಿ ಪಿಯುಸಿ ಓದುತ್ತಿದ್ದೇನೆ. ಬಸ್ ಸ್ಟ್ಯಾಂಡಿನ ಮುಂದೆ ಕೊಬ್ಬರಿ ಚೀಲ ತುಂಬಿದ ಲಾರಿ ಹೋದರೆ ಸಾಕು, ಒಣ ಸಿಪ್ಪೆ, ಒಲೆಯ ಹೊಗೆ, ಒಂದಿಷ್ಟು ಎಣ್ಣೆ, ಒಂದಿಷ್ಟು ಇಲಿ, ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿಯುತ್ತದೆ. ಬಸ್ಸು ತಪ್ಪುತ್ತದೆ. ನಾನು ಅಷ್ಟರಲ್ಲಿ ಬಿಳಿಗೆರೆಯ ನಮ್ಮ ಹಳೇ ಮನೆಯ ಅಟ್ಟದ ಕೆಳಗೆ ಚಾಪೆ ಹಾಸಿಯಾಗಿರುತ್ತದೆ. ಆ ಮನೆ ಈಗಿಲ್ಲ. ಅದರ ಜಾಗದಲ್ಲಿ ತಾರಸಿ ಮನೆ ಇದೆ. ಒಳ್ಳೆಯ ಮನೆಯೇ, ಆದರೆ ತಲೆಯ ಮೇಲೆ ನೀರಿನ ಟ್ಯಾಂಕು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ನಿಮ್ಮ ಮನೆಯಲ್ಲೂ ಅಟ್ಟ ಇದ್ದು ಹೋಗಿದ್ದರೆ ನಾನು ಹೇಳುವುದು ನಿಮಗೆ ತಿಳಿಯುತ್ತದೆ.

ನಮ್ಮ ಅಟ್ಟ ಎಷ್ಟು ದೊಡ್ಡದೆಂದರೆ, ಈ ಕಡೆ ಹತ್ತಿದ ಮರಿ ಇಲಿ ಆ ಕಡೆ ಇಳಿಯುವಷ್ಟರಲ್ಲಿ ಮೊಮ್ಮಕ್ಕಳನ್ನು ಕಂಡಿರುತ್ತಿತ್ತು. ಅದರ ತುಂಬ ಸಿಪ್ಪೆ ಸುಲಿಯದ ತೆಂಗಿನಕಾಯಿ. ಅವು ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಬಿದ್ದಿರಬೇಕು. ಒಳಗಿನ ನೀರು ಹಿಂಗಿ, ತಿರುಳು ಚಿಪ್ಪನ್ನು ಬಿಟ್ಟು, ಉಂಡೆ ಕೊಬ್ಬರಿಯಾಗಬೇಕು. ಆಯಿತೋ ಇಲ್ಲವೋ ಎಂದು ಹೇಳುವವರು ನಮ್ಮ ತಾತ. ಹಣೆ ತುಂಬ ವಿಭೂತಿ, ಕಿವಿ ತುಂಬ ಕೂದಲು. ಆದರೂ ಕಾಯಿಯನ್ನು ಆ ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಮುಗಿಯಿತು. ಗುಳುಗುಳು ಅಂದರೆ ನೀರಿದೆ, ಗಡಗಡ ಅಂದರೆ ಕೊಬ್ಬರಿ. ನನಗೆ ಜ್ವರ ಬಂದಾಗಲೂ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿ, "ಇನ್ನೂ ನೀರೈತೆ, ಬದುಕ್ಕತಾನೆ" ಎಂದು ಕೆಳಗಿಳಿಸಿದ್ದರಂತೆ. ನೊಣವಿನಕೆರೆಯ ಡಾಕ್ಟರು ಅದನ್ನೇ ಹೇಳುವುದಕ್ಕೆ ಸೂಜಿ ಚುಚ್ಚಿದರು.

ಒಂದು ದಿನ ಅಪ್ಪ ಅಟ್ಟದ ದೊಡ್ಡ ತೊಲೆ ಸೀಳಿರುವುದನ್ನು ನೋಡಿದರು. ಬೆರಳು ಹೋಗುವಷ್ಟು ಸೀಳು. ಕಾಯಿಯೆಲ್ಲ ಇಳಿಸಿ ಅಟ್ಟ ಬಿಚ್ಚಬೇಕು ಎಂದರು. ತಾತ ಜಗುಲಿಯಿಂದಲೇ, "ಬುಡ್ಲಾ, ಇನ್ನೂ ನೀರು ಹಿಂಗಿಲ್ಲ. ಉಗಾದಿ ಗಂಟ ಬುಡು" ಎಂದರು.

"ತೊಲೆ ಕೇಳ್ತದೇನಪ್ಪಾ ಉಗಾದಿ ಗಂಟ? ನಾಳೆ ಸಂಜಿಕೆ ಆಳು ಕರ್ಕೊಂಡು ಬತ್ತೀನಿ."

ತಾತ ಆ ಮಧ್ಯಾಹ್ನ ಮುದ್ದೆ ಮುಟ್ಟಲಿಲ್ಲ. ಅವರು ಮುದ್ದೆ ಬಿಟ್ಟಿದ್ದು ಅಂದರೆ ಸೂರ್ಯ ರಜ ಹಾಕಿದ ಹಾಗೆ. ಅರ್ಧ ಆದ ಕಾಯಿ ಇಳಿಸಿದರೆ ಉಂಡೆಯಾಗುವುದಿಲ್ಲ, ಹೋಳು ಮಾಡಿ ಒಣಗಿಸಬೇಕು. ಅವರ ಆಯುಸ್ಸಿನಲ್ಲಿ ನಮ್ಮ ಅಟ್ಟದಿಂದ ಉಂಡೆಯಲ್ಲದೆ ಬೇರೇನೂ ಇಳಿದಿರಲಿಲ್ಲ.

ಆಗ ನನಗೆ ಹೊಳೆಯಿತು. ಅಪ್ಪ ಜೀವ ಇರುವುದನ್ನು ಎಬ್ಬಿಸುವವರಲ್ಲ, ಕಾಯಿಗೂ ಜೀವ ಇದೆ ಎಂದು ತೋರಿಸಿದರೆ ಸಾಕು. ಹುಲ್ಲಿನ ಬಣವೆಯಲ್ಲಿ ಬೆಕ್ಕು ಮರಿ ಹಾಕಿದಾಗ, ಅವು ಕಣ್ಣು ಬಿಡುವವರೆಗೆ ಆ ಕಡೆಯ ಹುಲ್ಲನ್ನೇ ಎಳೆದಿರಲಿಲ್ಲ. ಶಾಲೆಯಲ್ಲಿ ಆ ವಾರವೇ ಉಸಿರಾಟದ ಪಾಠ ಆಗಿತ್ತು. ಉಸಿರಾಟವೆಂದರೆ ಮೂಗಿನ ಕೆಲಸ ಮಾತ್ರ ಅಲ್ಲ, ಜೀವವಿರುವ ಒಂದೊಂದು ಜೀವಕೋಶವೂ ಆಹಾರವನ್ನು ಆಮ್ಲಜನಕದ ಜೊತೆ ಸೇರಿಸಿ ಉರಿಸುತ್ತದೆ. ಜ್ವಾಲೆ ಇಲ್ಲ, ಹೊಗೆ ಇಲ್ಲ, ಚೂರುಚೂರೇ ಶಕ್ತಿ ಬಿಡಿಸಿಕೊಳ್ಳುತ್ತದೆ. ಉಳಿದ ಇಂಗಾಲದ ಡೈಆಕ್ಸೈಡನ್ನು ಹೊರಗೆ ಹಾಕುತ್ತದೆ, ಅದು ತಾಗಿದರೆ ಸುಣ್ಣದ ತಿಳಿನೀರು ಬೆಳ್ಳಗಾಗುತ್ತದೆ ಎಂದಿದ್ದರು ಮೇಷ್ಟ್ರು. ಹಾಗಾದರೆ ಅಟ್ಟದ ಮೇಲಿನ ಕಾಯಿ? ಅದರ ಕಣ್ಣಿನ ಕೆಳಗೆ ಮೊಳಕೆ ಮಲಗಿದೆ, ಸುತ್ತ ತಿರುಳೆಂಬ ಬುತ್ತಿ. ನಮ್ಮ ಮನೆಯೊಳಗೆ ಅಷ್ಟೂ ಕಾಯಿ ಸದ್ದಿಲ್ಲದೆ ಒಲೆ ಹೊತ್ತಿಸಿಕೊಂಡು ಕೂತಿವೆ ಎಂದು ಗೊತ್ತಾದ ದಿನ ನಾನು ನಡೆದ ಗತ್ತಿಗೆ ಬೀದಿಯ ನಾಯಿಗಳು ದಾರಿ ಬಿಟ್ಟವು.

ಮಾರನೆಯ ಬೆಳಿಗ್ಗೆ ಅಜ್ಜಿ ಎಲೆಅಡಿಕೆಗೆ ಇಟ್ಟಿದ್ದ ಸುಣ್ಣ ಕದಡಿ, ತಿಳಿ ಬಗ್ಗಿಸಿ, ಎರಡು ಲೋಟಕ್ಕೆ ಹಾಕಿದೆ. ಅಜ್ಜಿಯ ಚಕ್ಕುಲಿ ಡಬ್ಬಗಳು ಎರಡು. ಒಂದರಲ್ಲಿ ಲೋಟದ ಜೊತೆ ಕಾಯಿ, ಇನ್ನೊಂದರಲ್ಲಿ ಲೋಟದ ಜೊತೆ ಗುಂಡುಕಲ್ಲು. ಮುಚ್ಚಳದ ಸುತ್ತ ಗಾಳಿ ನುಸುಳದ ಹಾಗೆ ಕೆರೆಮಣ್ಣು ಮೆತ್ತಿದೆ. ಚಿಕ್ಕಪ್ಪನ ಮಗಳು ಸುಮ, ನನ್ನ ಕ್ಲಾಸಿನವಳೇ, ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಕಲ್ಲೂ ಉಸ್ರಾಡ್ಬುಟ್ರೆ ಏನ್ಲಾ ಮಾಡ್ತೀಯ?"

"ನಿನ್ ಪಕ್ಕದಲ್ಲಿ ಕೂರಿಸ್ತೀನಿ, ಮಾತಾಡ್ಕೊಂಡಿರು."

"ಅಜ್ಜೀ, ನಿನ್ ಚಕ್ಲಿ ಡಬ್ಬಕ್ಕೆ ಮಣ್ಣು ಮೆತ್ತವ್ನೆ ನೋಡು."

ಅಜ್ಜಿ ಸೌಟು ಹಿಡಿದು ಬಂದರು. ತಾತ ಅಡ್ಡ ನಿಂತರು. "ಸುಮ್ಕಿರೇ, ಮೊಗ ನನ್ ಕಾಯಿ ಉಳುಸ್ತಾ ಅವ್ನೆ" ಎಂದವರೇ ಕಾಯಿ ಇದ್ದ ಡಬ್ಬಕ್ಕೆ ಮೂರು ಗೆರೆ ವಿಭೂತಿ ಎಳೆದರು. ಕಲ್ಲಿನ ಡಬ್ಬಕ್ಕೆ ಎಳೆಯಲಿಲ್ಲ. ನಾನು ಶಾಲೆಗೆ ಹೋಗಿ ಬರುವವರೆಗೆ ತಾತ ಕಾಯಿಯ ಡಬ್ಬದ ಪಕ್ಕ ಬಿಟ್ಟು ಕದಲಲಿಲ್ಲವಂತೆ.

ಸಂಜೆ ತೆರೆದೆವು. ಕಲ್ಲಿನ ಲೋಟದ ನೀರು ಬೆಳಿಗ್ಗೆ ಇದ್ದ ಹಾಗೇ ತಿಳಿಯಾಗಿತ್ತು. ಕಾಯಿಯ ಲೋಟದ ನೀರು ಮಜ್ಜಿಗೆಯಂತೆ ಬೆಳ್ಳಗೆ ಕದಡಿತ್ತು. ಸುಮ ಹುಟ್ಟಿದ ಮೇಲೆ ಮೊದಲ ಸಲ ಬಾಯಿ ಮುಚ್ಚಿದಳು. ತಾತ ಆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಎತ್ತಿದರು. "ನೋಡ್ದೇನ್ಲಾ? ಬದುಕವೆ" ಎಂದರು. ಆ ಹೊತ್ತು ಬಿಳಿಗೆರೆಯಲ್ಲಿ ನನಗಿಂತ ದೊಡ್ಡ ವಿಜ್ಞಾನಿ ಯಾರೂ ಇರಲಿಲ್ಲ. ತಾತನಿಗೆ ಹೆಗಲ ಮೇಲಿನ ಟವೆಲ್ಲು ಜಾರಿದ್ದೂ ಗೊತ್ತಿರಲಿಲ್ಲ. ನಾನು ಅಪ್ಪನಿಗೆ ಪಾಠ ಹೇಳುವುದಕ್ಕೆ ಗಂಟಲು ಸರಿಮಾಡಿಕೊಂಡೆ.

ಅಪ್ಪ ಒಳಗೆ ಬಂದರು. ಹಿಂದೆ ಇಬ್ಬರು ಆಳುಗಳು, ಅವರ ಹೆಗಲ ಮೇಲೆ ಖಾಲಿ ಚೀಲ. ನಾನು ಜೀವಕೋಶದಿಂದ ಸುಣ್ಣದವರೆಗೆ ಒಂದೇ ಉಸಿರಿನಲ್ಲಿ ಹೇಳಿದೆ. ಅಪ್ಪ ಕುಕ್ಕರಗಾಲಿನಲ್ಲಿ ಕೂತು ಎರಡೂ ಲೋಟ ನೋಡಿದರು. ತಾತನ ಮುಖ ನೋಡಿದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟರು.

"ಬದುಕವೆ ಅಂತ ನಂಗೂ ಗೊತ್ತು ಕಣಪ್ಪ. ಹುಟ್ಟಿದಾಗಿಂದ ಇವುಗಳ ಕೆಳ್ಗೇ ಮಲ್ಗಿದ್ದೀನಿ. ಆದ್ರೆ ಈಗ ಕೆಳ್ಗೆ ಮಲ್ಗೋನು ನೀನು. ತೊಲೆ ಮುರ್ದು ಬಿದ್ರೆ ನಿನ್ ಉಸ್ರು ಎಲ್ಲಿಂದ ತರ್ಲಿ? ಏಳು, ಏಣಿ ಹಿಡ್ಕೊ."

ಏಣಿಯ ಒಂದು ಕಾಲು ನಾನು ಹಿಡಿದೆ. ತಾತ ಲೋಟವನ್ನು ಮೆಲ್ಲಗೆ ಕಿಟಕಿಯ ಮೇಲಿಟ್ಟು ಬಂದು ಇನ್ನೊಂದು ಕಾಲು ಹಿಡಿದರು. ಆಳುಗಳು ಮೇಲಿನಿಂದ ಕಾಯಿ ಎಸೆಯಲು ಹೊರಟಾಗ ಅಪ್ಪ ತಡೆದು, ತಾವೇ ಏಣಿಯ ನಡುವೆ ನಿಂತು, ಒಂದೊಂದನ್ನೇ ಕೈಯಿಂದ ಕೈಗೆ ಇಳಿಸಿದರು.